ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಮೆಸ್ಸಿನಲ್ಲಿ ಇಂಟರ್ನ್‌ಶಿಪ್: ಬಳ್ಳಾರಿ, ರಾಯಚೂರು, ಕೊಪ್ಪಳದ ವಿದ್ಯಾರ್ಥಿಗಳಿಗೆ ಮಾರ್ಗದರ್ಶಿ

ಇಂಟರ್ನ್‌ಶಿಪ್ ಅಂದರೆ ನಮ್ಮ ಕಡೆಯ ಹುಡುಗರು ಮೊದಲು ಬೆಂಗಳೂರು, ಇಲ್ಲವಾದರೆ ಹೈದರಾಬಾದ್ ಕಡೆ ಮುಖ ಮಾಡುತ್ತಾರೆ. ಅಲ್ಲಿಗೆ ಹೋದ ಮೇಲೆ ಪಿಜಿ ಬಾಡಿಗೆ, ಬಸ್ಸು, ಊಟ ಎಲ್ಲಾ ಕೈಯಿಂದಲೇ. ಕೆಲಸ ಅಂತ ಸಿಗುವುದು ಯಾರೋ ಅರ್ಧಕ್ಕೆ ಬಿಟ್ಟ ಪಿಪಿಟಿ. ಊರಲ್ಲೇ ಇದ್ದು ಕಲಿಯಬಹುದಾದ ಒಂದು ಜಾಗವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವಿಶ್ವವಿದ್ಯಾಲಯದ ಹಾಸ್ಟೆಲ್ ಮೆಸ್ಸು.

ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ರಾಯಚೂರಿನಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಮೂರೂ ಊರುಗಳಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳು ಬೇರೆ. ಇಲ್ಲೆಲ್ಲಾ ದಿನಕ್ಕೆ ಮೂರು ಹೊತ್ತು ನೂರಾರು ಮಂದಿಗೆ ಅಡುಗೆ ಆಗುತ್ತದೆ. ಖರೀದಿ, ದಾಸ್ತಾನು, ದರ, ಸ್ವಚ್ಛತೆ, ಜನರ ಕೈಲಿ ಕೆಲಸ ಮಾಡಿಸುವುದು ಎಲ್ಲವೂ ಒಂದೇ ಕಡೆ ನೋಡಲು ಸಿಗುತ್ತದೆ. ಫುಡ್ ಟೆಕ್ನಾಲಜಿ, ಹೋಟೆಲ್ ಮ್ಯಾನೇಜ್‌ಮೆಂಟ್, ಪೋಷಣೆ ಓದುವವರಿಗಷ್ಟೇ ಅಲ್ಲ, ಬಿಕಾಂ, ಬಿಬಿಎ, ಸಂಖ್ಯಾಶಾಸ್ತ್ರದವರಿಗೂ ಇಲ್ಲಿ ಕೆಲಸ ಇದೆ.

ಇಡೀ ಮೆಸ್ಸು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಇವತ್ತು ಎಷ್ಟು ಮಂದಿ ಉಣ್ಣುತ್ತಾರೆ? ಅಕ್ಕಿ ಎಷ್ಟು ಹಾಕಬೇಕು, ಹಾಲು ಎಷ್ಟು ತರಿಸಬೇಕು, ತಿಂಗಳ ಬಿಲ್ಲು ಎಷ್ಟಾಗುತ್ತದೆ, ರಾತ್ರಿ ಎಷ್ಟು ಅನ್ನ ಚರಂಡಿ ಪಾಲಾಗುತ್ತದೆ ಅನ್ನುವುದೆಲ್ಲಾ ಇದರ ಉತ್ತರಕ್ಕೆ ಕಟ್ಟುಬಿದ್ದಿದೆ. ನಿಮ್ಮ ಇಂಟರ್ನ್‌ಶಿಪ್ಪನ್ನೂ ಇದರ ಸುತ್ತಲೇ ಕಟ್ಟಿಕೊಳ್ಳಿ ಅನ್ನುವುದು ನನ್ನ ಸಲಹೆ. ಉಳಿದದ್ದು ತಾನಾಗಿ ಜೊತೆಗೆ ಬರುತ್ತದೆ.

1. ಮೆಸ್ಸು ಯಾವ ಬಗೆಯದು ಅಂತ ಮೊದಲು ತಿಳಿದುಕೊಳ್ಳಿ

ನಮ್ಮ ಕಡೆ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಡಿವೈಡಿಂಗ್ ಮೆಸ್ಸು. ವಿದ್ಯಾರ್ಥಿಗಳ ಸಮಿತಿಯೇ ಸಾಮಾನು ತರಿಸುತ್ತದೆ. ಅಡುಗೆಯವರು ಹಾಸ್ಟೆಲ್ಲಿನವರು. ತಿಂಗಳ ಕೊನೆಗೆ ಖರ್ಚನ್ನು ಎಲ್ಲರಿಗೂ ಹಂಚುತ್ತಾರೆ. ಎರಡನೆಯದು ಕಾಂಟ್ರ್ಯಾಕ್ಟ್ ಮೆಸ್ಸು. ಟೆಂಡರ್ ಹಿಡಿದವರು ತಲೆಗೆ ಇಷ್ಟು ಅಂತ ದರ ಕಟ್ಟಿ ನಡೆಸುತ್ತಾರೆ. ಮೂರನೆಯದು ಇಲಾಖೆಯ ಹಾಸ್ಟೆಲ್. ಅಲ್ಲಿ ಮೆನು, ತಲಾ ಪ್ರಮಾಣ, ಅನುದಾನ ಎಲ್ಲಾ ಸರ್ಕಾರದ ಆದೇಶದಂತೆ.

ಕಲಿಯಲು ಡಿವೈಡಿಂಗ್ ಮೆಸ್ಸು ಎಲ್ಲಕ್ಕಿಂತ ಒಳ್ಳೆಯದು. ಪುಸ್ತಕಗಳು ತೆರೆದಿರುತ್ತವೆ, ಲೆಕ್ಕ ಕೇಳಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಕಾಂಟ್ರ್ಯಾಕ್ಟ್ ಮೆಸ್ಸಿನಲ್ಲಿ ಅಡುಗೆಮನೆಯ ಶಿಸ್ತು ಚೆನ್ನಾಗಿ ಕಾಣುತ್ತದೆ, ಆದರೆ ಖರೀದಿ ದರ ನಿಮಗೆ ತೋರಿಸುವುದು ಕಷ್ಟ. ಇಲಾಖೆಯ ಹಾಸ್ಟೆಲ್ಲಿನಲ್ಲಿ ಬೇಸಿಗೆಗೆ ಮಕ್ಕಳೆಲ್ಲಾ ಊರಿಗೆ ಹೋಗಿ ಅಡುಗೆಯೇ ನಿಲ್ಲಬಹುದು. ಅರ್ಜಿ ಹಾಕುವ ಮೊದಲೇ ವಿಚಾರಿಸಿ.

ಬೇಸಿಗೆಯಲ್ಲೂ ನಡೆಯುವ ಮೆಸ್ಸು ಹುಡುಕಬೇಕು. ಸಂಶೋಧನೆ ಮಾಡುವವರು, ಸ್ನಾತಕೋತ್ತರ ಪರೀಕ್ಷೆ ಬರೆಯುವವರು, ಮೆಡಿಕಲ್ ಹೌಸ್‌ಸರ್ಜನ್‌ಗಳು ಇರುವ ಹಾಸ್ಟೆಲ್ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಮಂದಿ ಕಡಿಮೆ ಇರುತ್ತಾರೆ, ದಿನದಿನಕ್ಕೂ ಸಂಖ್ಯೆ ಏರಿಳಿಯುತ್ತದೆ. ಅಡುಗೆಯವರಿಗೆ ಅದು ತಲೆನೋವು. ಕಲಿಯುವವರಿಗೆ ಅದೇ ಲಾಭ.

2. ಅರ್ಜಿ

ಮಾರ್ಚ್‌ನಲ್ಲೇ ಓಡಾಟ ಶುರು ಮಾಡಿ. ಏಪ್ರಿಲ್ ಕೊನೆಗೆ ಹೋದರೆ ವಾರ್ಡನ್ ರಜೆಯ ಮೇಲಿರುತ್ತಾರೆ, ಕುಲಸಚಿವರ ಕಚೇರಿಯಲ್ಲಿ ಫೈಲು ಪರೀಕ್ಷೆ ಕೆಲಸದ ಕೆಳಗೆ ಸೇರಿಹೋಗುತ್ತದೆ. ಮೊದಲು ಹಾಸ್ಟೆಲ್ ವಾರ್ಡನ್ನರನ್ನು ಕಂಡು ಬಾಯಿಮಾತಿನಲ್ಲಿ ಒಪ್ಪಿಗೆ ಪಡೆಯಿರಿ. ಆಮೇಲೆ ನಿಮ್ಮ ವಿಭಾಗದ ಮುಖ್ಯಸ್ಥರಿಂದ ಪರಿಚಯ ಪತ್ರ ತೆಗೆದುಕೊಂಡು, ಮುಖ್ಯ ವಾರ್ಡನ್ನರ ಹೆಸರಿಗೆ ಅರ್ಜಿ ಕೊಡಿ. ಸೀಲು ಹಾಕಿದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಅರ್ಜಿಯಲ್ಲಿ “ಜ್ಞಾನಾರ್ಜನೆಗಾಗಿ ಅವಕಾಶ ಕೋರುತ್ತೇನೆ” ಅಂತ ಸುಮ್ನೆ ಬರೆದರೆ ಓದಿದವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

“ಮೇ 5ರಿಂದ ಜೂನ್ 15ರವರೆಗೆ ತಮ್ಮ ಹಾಸ್ಟೆಲ್ ಮೆಸ್ಸಿನಲ್ಲಿ ಇಂಟರ್ನ್ ಆಗಿ ಕೆಲಸ ಮಾಡಲು ಅನುಮತಿ ಕೋರುತ್ತೇನೆ. ದಿನವೂ ಊಟಕ್ಕೆ ಬರುವವರ ಸಂಖ್ಯೆ, ಮಾಡಿದ ಅಡುಗೆ, ಉಳಿದ ಅಡುಗೆ ಇವುಗಳ ಲೆಕ್ಕ ಇಟ್ಟು, ವ್ಯರ್ಥವಾಗುವುದನ್ನು ಕಡಿಮೆ ಮಾಡುವ ದಾರಿಯನ್ನು ವರದಿಯಲ್ಲಿ ಕೊಡುತ್ತೇನೆ. ಮೆಸ್ಸಿನ ಕೆಲಸಕ್ಕೆ ಅಡ್ಡಿಯಾಗದಂತೆ ನಡೆದುಕೊಳ್ಳುತ್ತೇನೆ.”

ಇದರಿಂದ ವಾರ್ಡನ್ನರಿಗೆ ತಮಗೇನು ಸಿಗುತ್ತದೆ ಅನ್ನುವುದು ಕಾಣುತ್ತದೆ. ಸಹಿ ಬೇಗ ಬೀಳುತ್ತದೆ.

ಸ್ಟೈಪೆಂಡ್ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ, ಆದರೆ ಕೇಳಲು ನಾಚಿಕೆಯೂ ಬೇಡ. ಕೆಲಸದ ಹೊತ್ತಿನ ಊಟ ತಿಂಡಿಯನ್ನಾದರೂ ಉಚಿತ ಮಾಡಿಸಿಕೊಳ್ಳಿ. ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ ಅಂತಲೂ ಕೇಳಿ. ಡಿವೈಡಿಂಗ್ ಮೆಸ್ಸಿನಲ್ಲಿ ನಿಮ್ಮ ಊಟದ ಖರ್ಚು ಉಳಿದ ವಿದ್ಯಾರ್ಥಿಗಳ ಬಿಲ್ಲಿಗೆ ಬೀಳುತ್ತದೆ, ಅದು ನಾಳೆ ಮಾತಿಗೆ ಬರಬಾರದು.

3. ಸೇರುವ ಮೊದಲು

ಅಡುಗೆ ಮುಟ್ಟುವವರೆಲ್ಲಾ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು ಅನ್ನುವುದು ಕೇಂದ್ರದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ. ನೀವೂ ಸರ್ಕಾರಿ ಆಸ್ಪತ್ರೆಯಲ್ಲಿ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ, ಟೈಫಾಯಿಡ್ ಲಸಿಕೆ ಬಗ್ಗೆ ವೈದ್ಯರನ್ನು ಕೇಳಿ. ಕಾಟನ್ ಬಟ್ಟೆ, ತಲೆಗೆ ಟೋಪಿ, ಜಾರದ ಮುಚ್ಚಿದ ಚಪ್ಪಲಿ ಬೇಕು. ಉಗುರು ಕತ್ತರಿಸಿ, ಉಂಗುರ ಬಳೆ ಮನೆಯಲ್ಲಿಡಿ.

ಬೆಳಗಿನ ತಿಂಡಿಯ ಕೆಲಸ 5 ಗಂಟೆಗೆಲ್ಲಾ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ನಿಮ್ಮೂರಿಂದ ಬಸ್ಸು ಇದೆಯಾ ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಉಚಿತ, ಆದರೆ ಮೊದಲ ಬಸ್ಸೇ ಆರೂವರೆಗೆ ಇದ್ದರೆ ಉಪಯೋಗ ಇಲ್ಲ. ಅಂಥವರು ವಾರದಲ್ಲಿ ಕೆಲವು ದಿನ ಮಾತ್ರ ಬೆಳಗಿನ ಪಾಳಿ, ಉಳಿದ ದಿನ ಮಧ್ಯಾಹ್ನದ್ದು ಅಂತ ಮೊದಲೇ ಬರೆಸಿಕೊಳ್ಳಿ.

ಇನ್ನು ಬಿಸಿಲು. ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಬಟ್ಟಿ ಒಲೆಗಳು ಉರಿಯುವ ಅಡುಗೆಮನೆ ಹೇಗಿರುತ್ತದೆ ಊಹಿಸಿ. ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಕುಡಿಯುತ್ತಿರಿ. ತಲೆ ತಿರುಗುವುದು, ವಾಕರಿಕೆ, ಕಾಲು ಹಿಡಿಯುವುದು ಶುರುವಾದರೆ ಮರ್ಯಾದೆ ನೋಡದೆ ಹೊರಗೆ ಬಂದು ನೆರಳಲ್ಲಿ ಕೂರಿ.

4. ಮೊದಲ ವಾರ: ಉಗ್ರಾಣದಲ್ಲಿ ಕೂರಿ

ಅಡುಗೆಮನೆಗೆ ನುಗ್ಗುವ ಆತುರ ಬೇಡ. ಮೊದಲ ವಾರ ಸ್ಟೋರಿನಲ್ಲಿ ಕಳೆಯಿರಿ. ಸಾಮಾನು ಬಂದಾಗ ತೂಕ ಹಾಕುವುದು, ಬಿಲ್ಲಿನ ಜೊತೆ ತಾಳೆ ನೋಡುವುದು, ಸ್ಟಾಕ್ ರಿಜಿಸ್ಟರಿಗೆ ಏರಿಸುವುದು, ದಿನದ ಇಂಡೆಂಟ್ (ಬೇಕಾದ ಸಾಮಾನಿನ ಪಟ್ಟಿ) ನೋಡಿ ಅಡುಗೆಯವರಿಗೆ ಅಳೆದು ಕೊಡುವುದು. ಇಷ್ಟು ಕೈಯಾರೆ ಮಾಡಿ.

ಹಳೆಯ ಸಾಮಾನು ಮುಂದೆ, ಹೊಸದು ಹಿಂದೆ ಇರಬೇಕು. ಚೀಲಗಳು ನೆಲಕ್ಕೆ ತಾಗಬಾರದು, ಗೋಡೆಗೂ ಒತ್ತಿರಬಾರದು. ಬೇಸಿಗೆಯಲ್ಲಿ ರವೆ, ಕಡಲೆಹಿಟ್ಟು, ಗೋಧಿಹಿಟ್ಟಿಗೆ ಬೇಗ ಹುಳು ಬೀಳುತ್ತದೆ. ಇವನ್ನು ತಿಂಗಳಿಗಾಗುವಷ್ಟು ಒಮ್ಮೆಲೇ ತರಿಸಿದರೆ ದರದಲ್ಲಿ ಉಳಿಸಿದ್ದು ಜರಡಿಯಲ್ಲಿ ಹೋಗುತ್ತದೆ.

ತರಕಾರಿಗೆ ಒಂದು ಸಣ್ಣ ಪ್ರಯೋಗ ಮಾಡಿ. ಎಲೆಕೋಸು, ಹೀರೇಕಾಯಿ, ಈರುಳ್ಳಿ ಇವನ್ನು ಬಂದಾಗ ತೂಗಿ, ಹೆಚ್ಚಿದ ಮೇಲೆ ಮತ್ತೆ ತೂಗಿ. ಅಗ್ಗಕ್ಕೆ ಸಿಕ್ಕ ತರಕಾರಿ ಕೊಳೆತದ್ದು, ಬಲಿತದ್ದು ತೆಗೆದ ಮೇಲೆ ನಿಜಕ್ಕೂ ಅಗ್ಗವೇ ಅನ್ನುವುದು ಆಗ ಗೊತ್ತಾಗುತ್ತದೆ.

ಅಡುಗೆಯವರ ವಿಷಯ. ನಿಮಗೆ ಕಲಿಸುವವರು ವಾರ್ಡನ್ ಅಲ್ಲ, ಹೆಡ್ ಕುಕ್. “ಅಣ್ಣಾ”, “ಅಕ್ಕಾ”, “ಕಾಕಾ” ಅಂತ ಅವರವರ ವಯಸ್ಸಿಗೆ ತಕ್ಕಂತೆ ಕರೆಯಿರಿ. ಬಳ್ಳಾರಿಯಲ್ಲಿ ತೆಲುಗು, ರಾಯಚೂರಿನಲ್ಲಿ ತೆಲುಗಿನ ಜೊತೆ ಉರ್ದು ಮಾತೂ ಅಡುಗೆಮನೆಯಲ್ಲಿ ಓಡಾಡುತ್ತದೆ. ನಾಲ್ಕು ಮಾತು ಕಲಿತುಕೊಂಡರೆ ನಷ್ಟ ಇಲ್ಲ. ಕೈಯಲ್ಲಿ ಪುಸ್ತಕ ಹಿಡಿದು ಬಂದವರನ್ನು ಕಂಡರೆ ಅವರಿಗೆ ಮೊದಲು ಬರುವ ಅನುಮಾನ, “ಇವನು ಸಾಹೇಬರ ಕಡೆಯವನು” ಅಂತ. ಅದಕ್ಕೆ ಮೊದಲ ದಿನವೇ ಹೇಳಿಬಿಡಿ: “ಅಣ್ಣಾ, ನಾನು ಏನು ಬರೆದರೂ ಮೊದಲು ನಿಮಗೆ ತೋರಿಸುತ್ತೇನೆ.” ಹೇಳಿದಂತೆ ನಡೆದುಕೊಳ್ಳಿ. ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದಕ್ಕೆ ಕೂತು ಕೈಜೋಡಿಸಿ. ಯಾವ ಕೊಪ್ಪರಿಗೆಗೆ ಎಷ್ಟು ಅಕ್ಕಿ, ಯಾವ ಒಲೆ ಜೋರು, ಯಾವ ಅಂಗಡಿಯ ಖಾರದಪುಡಿ ಬಣ್ಣ ಜಾಸ್ತಿ ಖಾರ ಕಡಿಮೆ ಅನ್ನುವ ಮಾತೆಲ್ಲಾ ಅಲ್ಲೇ ಬರುವುದು.

5. ತಲೆ ಎಣಿಕೆ

ಇಲ್ಲಿಂದ ನಿಮ್ಮ ಅಸಲಿ ಕೆಲಸ. ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಹೊತ್ತಿಗೂ ಮೂರು ಸಂಖ್ಯೆ ಬರೆಯಿರಿ: ಹಾಜರಿ ಪುಸ್ತಕದಲ್ಲಿ ಎಷ್ಟು ಮಂದಿ ಇದ್ದಾರೆ, ಎಷ್ಟು ಮಂದಿಗೆಂದು ಅಡುಗೆ ಆಯಿತು, ನಿಜಕ್ಕೂ ಎಷ್ಟು ಮಂದಿ ಉಂಡರು. ಪಕ್ಕದಲ್ಲಿ ವಾರ, ಮೆನು, ಆ ದಿನದ ವಿಶೇಷ ಏನು ಅಂತ ಒಂದು ಮಾತು.

ಉಂಡವರನ್ನು ಎಣಿಸುವುದು ಹೇಗೆ? ಬಾಗಿಲಲ್ಲಿ ನಿಂತು ಟಿಕ್ ಹಾಕಬೇಡಿ. ಹುಡುಗರಿಗೆ ಕಿರಿಕಿರಿ, ನಿಮಗೂ ಲೆಕ್ಕ ತಪ್ಪುತ್ತದೆ. ಊಟ ಶುರುವಾಗುವ ಮೊದಲು ತಟ್ಟೆಗಳನ್ನು ಎಣಿಸಿ ಇಡಿಸಿ. ಮುಗಿದ ಮೇಲೆ ಉಳಿದ ಶುಭ್ರ ತಟ್ಟೆ ಎಣಿಸಿ. ವ್ಯತ್ಯಾಸವೇ ಉಂಡವರ ಸಂಖ್ಯೆ. ನಡುವೆ ತೊಳೆದು ಮತ್ತೆ ಇಟ್ಟ ತಟ್ಟೆಗಳನ್ನು ಮಾತ್ರ ಬೇರೆ ಬರೆದುಕೊಳ್ಳಬೇಕು. ಕೂಪನ್ ಪದ್ಧತಿ ಇದ್ದರೆ ಕೂಪನ್ ಎಣಿಸಿದರೆ ಆಯಿತು.

ಎರಡು ವಾರದ ಲೆಕ್ಕ ಕೈಗೆ ಬಂದರೆ ಸಂಖ್ಯೆ ಯಾವಾಗ ಬೀಳುತ್ತದೆ, ಯಾವಾಗ ಏರುತ್ತದೆ ಅನ್ನುವುದು ಕಣ್ಣಿಗೆ ಕಾಣತೊಡಗುತ್ತದೆ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಹತ್ತಿರದ ಊರಿನವರು ಇರುವುದಿಲ್ಲ. ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯವರು ಬಸ್ಸು ಹತ್ತಿ ಮನೆಗೆ ಹೋಗಿರುತ್ತಾರೆ. ಮೇ ತಿಂಗಳು ಮದುವೆಗಳ ಕಾಲ. ಪಂಚಾಂಗದಲ್ಲಿ ಜೋರು ಮುಹೂರ್ತ ಇರುವ ದಿನ ಮಧ್ಯಾಹ್ನದ ಸಾಲು ಅರ್ಧ ಖಾಲಿ. ಮೆಸ್ಸಿನ ಗೋಡೆಗೆ ಮೆನು ಪಟ್ಟಿಯ ಪಕ್ಕ ಒಂದು ಪಂಚಾಂಗ ತೂಗುಹಾಕಿ ಅಂತ ನಾನು ಹೇಳುವುದು ತಮಾಷೆಗಲ್ಲ. ಕ್ರಿಕೆಟ್ ಮ್ಯಾಚ್ ಇರುವ ರಾತ್ರಿ ಊಟಕ್ಕೆ ಬರುವವರು ಕಡಿಮೆ ಆಗುವುದಿಲ್ಲ, ತಡವಾಗಿ ಒಟ್ಟಿಗೇ ಬರುತ್ತಾರೆ. ಮೆನುವಿನದ್ದೂ ಒಂದು ಆಟ ಇದೆ. ಉಪ್ಪಿಟ್ಟಿನ ದಿನ ಅರ್ಧ ಹಾಸ್ಟೆಲ್ ಮಲಗಿರುತ್ತದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ಇದ್ದ ದಿನ ಊರಿಗೆ ಹೋದವರೂ ವಾಪಸ್ ಬಂದರೇನೋ ಅನ್ನಿಸುತ್ತದೆ!

ಮುಂದಿನ ಹೆಜ್ಜೆ ಅಂದಾಜು. ನಾಳೆ ಮಂಗಳವಾರ ಅಂದರೆ ಹಿಂದಿನ ನಾಲ್ಕು ಮಂಗಳವಾರ ಉಂಡವರ ಸರಾಸರಿ ತೆಗೆಯಿರಿ. ಅಷ್ಟು ವಾರದ ಲೆಕ್ಕ ಇನ್ನೂ ಇಲ್ಲದಿದ್ದರೆ ಇದ್ದಷ್ಟೇ ಹಿಡಿಯಿರಿ. ನಾಳೆ ಪರೀಕ್ಷೆ, ಹಬ್ಬ, ಮುಹೂರ್ತ ಇದ್ದರೆ ಅದಕ್ಕೆ ತಕ್ಕಂತೆ ಕೂಡಿ, ಕಳೆಯಿರಿ. ರಾತ್ರಿಯೇ ಹೆಡ್ ಕುಕ್‌ಗೆ ಹೇಳಿ. ಅವರೂ ತಮ್ಮ ಅಂದಾಜು ಹೇಳುತ್ತಾರೆ. ಎರಡನ್ನೂ ಬರೆದಿಟ್ಟು, ಮರುದಿನ ಯಾರದು ಹತ್ತಿರ ಬಂತು ನೋಡಿ. ವರ್ಷಗಟ್ಟಲೆ ಸೌಟು ಹಿಡಿದವರ ಅಂದಾಜು ಮೊದಲ ವಾರಗಳಲ್ಲಿ ನಿಮ್ಮದನ್ನು ಸೋಲಿಸುತ್ತದೆ. ಸೋತಾಗ “ಹೇಗೆ ಗೊತ್ತಾಯಿತು ಅಣ್ಣಾ?” ಅಂತ ಕೇಳಿ. ಆ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ.

ಎಷ್ಟೇ ಚೆನ್ನಾಗಿ ಅಂದಾಜು ಮಾಡಿದರೂ ತಪ್ಪುವುದು ತಪ್ಪುವುದೇ. ಅದಕ್ಕೆ ಎರಡು ಉಪಾಯ.

ಒಂದು, ಅನ್ನವನ್ನು ಎರಡು ಸಲ ಮಾಡುವುದು. ಅಂದಾಜಿನ ಮುಕ್ಕಾಲು ಭಾಗ ಮೊದಲು. ಮಿಕ್ಕ ಅಕ್ಕಿ ತೊಳೆದು, ಎಸರು ಕಾಯಿಸಿ ಇಟ್ಟುಕೊಂಡು, ಸಾಲು ನೋಡಿ ಹಾಕುವುದು. ಅಡುಗೆಯವರಿಗೆ ಇದು ಹೆಚ್ಚಿನ ಕೆಲಸ, ಮೊದಲು ಬೇಡ ಅನ್ನುತ್ತಾರೆ. ಎರಡನೇ ಸರದಿಯ ಹೊತ್ತಿಗೆ ನೀವೇ ಬಡಿಸಲು ನಿಂತು ಒಬ್ಬರನ್ನು ಬಿಡುವು ಮಾಡಿಕೊಟ್ಟರೆ ಒಪ್ಪುತ್ತಾರೆ.

ಇನ್ನೊಂದು ನಮ್ಮ ಸೀಮೆಗೇ ಸಿಕ್ಕ ವರ, ಖಡಕ್ ರೊಟ್ಟಿ. ಮೆತ್ತನೆಯ ಜೋಳದ ರೊಟ್ಟಿಯನ್ನು ನೂರಾರು ಮಂದಿಗೆ ಹೊತ್ತುಹೊತ್ತಿಗೆ ಬಡಿಯುವುದು ಯಾವ ಮೆಸ್ಸಿಗೂ ಆಗದ ಕೆಲಸ. ಹಾಗಾಗಿ ರೊಟ್ಟಿ ಕೇಂದ್ರಗಳಿಂದ ಎಣಿಕೆ ಲೆಕ್ಕದಲ್ಲಿ ತರಿಸುವುದು ರೂಢಿ. ಖಡಕ್ ರೊಟ್ಟಿಯಲ್ಲಿ ನೀರಿನಂಶ ತೀರಾ ಕಡಿಮೆ, ಬೇಗ ಕೆಡುವುದಿಲ್ಲ. ಇಪ್ಪತ್ತು ಮಂದಿ ಹೆಚ್ಚು ಬಂದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇಟ್ಟರೆ ಊಟ ಸಾಗುತ್ತದೆ. ಮಂದಿ ಬರದಿದ್ದರೆ ರೊಟ್ಟಿ ಡಬ್ಬದಲ್ಲೇ ಇರುತ್ತದೆ. ತೇವ ತಾಗದಂತೆ ನೋಡಿಕೊಂಡರೆ ಸಾಕು. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಎಷ್ಟು ಲಕ್ಷ ಮಂದಿ ಬಂದಾರು ಅಂತ ಯಾರೂ ನಿಖರವಾಗಿ ಹೇಳಲಾಗದ ಕಡೆ, ಹಳ್ಳಿಹಳ್ಳಿಯಿಂದ ಮೊದಲೇ ಬಂದು ಸೇರುವ ರೊಟ್ಟಿಯೇ ಆಧಾರ.

6. ಅಕ್ಕಿ

ಒಬ್ಬರಿಗೆ ಒಂದು ಹೊತ್ತಿಗೆ 100ರಿಂದ 150 ಗ್ರಾಂ ಅಕ್ಕಿ ಅನ್ನುವುದು ಸಾಮಾನ್ಯ ಲೆಕ್ಕ. ರೊಟ್ಟಿ, ಚಪಾತಿ ಇದ್ದ ದಿನ ಕಡಿಮೆ, ಬರೀ ಅನ್ನ ಸಾರಿನ ದಿನ ಜಾಸ್ತಿ. ಒಂದು ಕೆಜಿ ಅಕ್ಕಿ ಬೆಂದಾಗ ಸುಮಾರು ಎರಡೂವರೆಯಿಂದ ಮೂರು ಕೆಜಿ ಅನ್ನ ಆಗುತ್ತದೆ. ಈ “ಸುಮಾರು” ಅನ್ನುವುದರಲ್ಲೇ ಹಣ ಹೋಗುವುದು.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎರಡನೇ ಬೆಳೆಗೆ ಕಾಲುವೆ ನೀರು ಸಿಕ್ಕ ವರ್ಷ, ಭತ್ತದ ಕೊಯ್ಲು ಏಪ್ರಿಲ್, ಮೇ ಹೊತ್ತಿಗೆ ಆಗುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಮಿಲ್ಲುಗಳಿಂದ ಹೊಸ ಸೋನಾ ಮಸೂರಿ ಹೊರಬರುವ ಕಾಲಕ್ಕೇ ನೀವು ಸ್ಟೋರಿನಲ್ಲಿ ಕೂತಿರುತ್ತೀರಿ. ಹೊಸ ಅಕ್ಕಿ ಅಗ್ಗ. ಆದರೆ ನೀರು ಕಡಿಮೆ ಕುಡಿಯುತ್ತದೆ, ಅನ್ನ ಮುದ್ದೆಯಾಗುತ್ತದೆ, ಅಳತೆಗೂ ಬರುವುದಿಲ್ಲ. ಹಳೆ ಅಕ್ಕಿ ಉದುರುದುರಾಗಿ ಜಾಸ್ತಿ ಅನ್ನ ಕೊಡುತ್ತದೆ. ಹೊಸದರ ಒಂದು ಕೆಜಿ, ಹಳೆಯದರ ಒಂದು ಕೆಜಿ ಬೇರೆ ಬೇರೆ ಬೇಯಿಸಿ ಅನ್ನ ತೂಗಿ. ಅಕ್ಕಿಯ ದರವನ್ನು ಅನ್ನದ ತೂಕದಿಂದ ಭಾಗಿಸಿ. ಒಂದು ಕೆಜಿ ಅನ್ನಕ್ಕೆ ಬಿದ್ದ ಬೆಲೆ ಗೊತ್ತಾಗುತ್ತದೆ. ಖರೀದಿ ಸಮಿತಿಯ ಮುಂದೆ ಈ ಒಂದು ಲೆಕ್ಕ ಇಟ್ಟರೆ ಸಾಕು, ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ.

ಮುದ್ದೆಯಾದ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

7. ರಾತ್ರಿಯ ಅನ್ನ, ಬೆಳಗಿನ ಚಿತ್ರಾನ್ನ

ಇದಕ್ಕೆ ಬೇರೆಯೇ ಒಂದು ಹೆಜ್ಜೆ ಬೇಕು. ರಾತ್ರಿ ಉಳಿದ ಅನ್ನಕ್ಕೆ ಬೆಳಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದನ್ನು ಮನೆಯಲ್ಲಿ ಎಲ್ಲರೂ ಮಾಡುತ್ತಾರೆ, ಮೆಸ್ಸಿನಲ್ಲೂ ಕೆಲವು ಕಡೆ ಮಾಡುತ್ತಾರೆ. ನಮ್ಮ ಬೇಸಿಗೆಯಲ್ಲಿ ಮಾಡಬಾರದ ಕೆಲಸ ಇದು.

ಅಕ್ಕಿಯಲ್ಲಿ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಇವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಇದ್ದಷ್ಟು ಹೊತ್ತು ಮೊಳೆತು, ಬೆಳೆದು, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಒಗ್ಗರಣೆಯ ಬಿಸಿಗೆ ಹಾಳಾಗುವುದಿಲ್ಲ. ವಾಸನೆ ಬಂದಿಲ್ಲ, ಹಳಸಿಲ್ಲ ಅನ್ನುವುದು ಇಲ್ಲಿ ಯಾವ ಭರವಸೆಯೂ ಅಲ್ಲ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿ ಅಪಾಯದ ವಲಯ. ಬಳ್ಳಾರಿಯ ಮೇ ತಿಂಗಳ ರಾತ್ರಿ ಅಡುಗೆಮನೆ ಇಡೀ ಈ ವಲಯದಲ್ಲೇ ಇರುತ್ತದೆ. ಜೊತೆಗೆ ಕೊಪ್ಪರಿಗೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ಬೆಳಗಿನವರೆಗೂ ಆರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಬಡಿಸುವವರೆಗೆ ಅನ್ನ, ಸಾರು 60 ಡಿಗ್ರಿಗಿಂತ ಮೇಲೆ ಇರಲಿ. ಉಳಿದದ್ದು ಮುಟ್ಟದ ಅನ್ನವಾಗಿದ್ದರೆ, ಅದನ್ನು ಹಸಿದವರಿಗೆ ಕೊಡುವ ವ್ಯವಸ್ಥೆ ಇದ್ದರೆ, ಬಿಸಿ ಇರುವಾಗಲೇ ಕೊಟ್ಟುಬಿಡಿ. ಫ್ರಿಜ್ಜಿಗೆ ಹಾಕಲೇಬೇಕು ಅಂದರೆ ಅಗಲದ ಪರಾತದಲ್ಲಿ ತೆಳುವಾಗಿ ಹರಡಿ, ಫ್ಯಾನ್ ಕೆಳಗೆ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಿ. ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ 75 ಡಿಗ್ರಿ ಮುಟ್ಟಬೇಕು, ಅದೂ ಒಂದೇ ಸಲ. ರಾತ್ರಿ ಕರೆಂಟು ಹೋಗಿ ಬಂದಿದ್ದರೆ ಆ ಅನ್ನದ ಆಸೆ ಬಿಡಿ. ಬೆಳಗ್ಗೆ ಚಿತ್ರಾನ್ನ ಬೇಕಾದರೆ ಬೆಳಗ್ಗೆಯೇ ಅನ್ನ ಮಾಡುವುದು ಸರಿ.

ಇದಕ್ಕೆಲ್ಲಾ ಒಂದು ಥರ್ಮಾಮೀಟರ್ ಬೇಕು, ಚುಚ್ಚಿ ನೋಡುವಂಥದ್ದು. ದುಬಾರಿಯದೇನಲ್ಲ. ಸರಿಯಾಗಿ ತೋರಿಸುತ್ತದೆಯಾ ಅಂತ ಮೊದಲು ಪರೀಕ್ಷಿಸಿ. ಪುಡಿ ಮಾಡಿದ ಐಸ್ ಮತ್ತು ನೀರಿನಲ್ಲಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ ನಮ್ಮ ಕಡೆ 100 ತೋರಿಸುವುದಿಲ್ಲ. ಸಮುದ್ರ ಮಟ್ಟದಿಂದ ನಾನೂರು ಮೀಟರಿಗಿಂತ ಮೇಲಿದ್ದೇವೆ, ಒಂದು ಒಂದೂವರೆ ಡಿಗ್ರಿ ಕಡಿಮೆಯಲ್ಲೇ ನೀರು ಕುದಿಯುತ್ತದೆ. ಅದನ್ನು ನೋಡಿ ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ.

8. ನೀರು, ಎಣ್ಣೆ, ಗ್ಯಾಸ್

2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಹಾಗಾಗಿ ನೀರಿನ ಪರೀಕ್ಷಾ ವರದಿ ಕೇಳುವುದು ಅಧಿಕಪ್ರಸಂಗ ಅಲ್ಲ. ಸಂಪು, ಓವರ್‌ಹೆಡ್ ಟ್ಯಾಂಕ್ ತೊಳೆದ ದಿನಾಂಕ ಬರೆದಿದೆಯಾ ನೋಡಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದರೆ ಎಲ್ಲಿಂದ ಬಂತು ಅಂತ ಕೇಳಿ. ಕೊಪ್ಪಳ, ರಾಯಚೂರಿನ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ, ಅದು ಕುದಿಸಿದರೆ ಹೋಗುವುದಿಲ್ಲ. ಗಡಸು ನೀರಿನಲ್ಲಿ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ, ಗ್ಯಾಸ್ ಖರ್ಚೂ ಏರುತ್ತದೆ.

ಕರಿದ ಎಣ್ಣೆಗೆ ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಮಿತಿ ಹಾಕಿದೆ: ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶಗಳಾದ ಒಟ್ಟು ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಆ ಎಣ್ಣೆ ಮತ್ತೆ ಬಳಸುವಂತಿಲ್ಲ. ಅಳೆಯುವ ಉಪಕರಣ ಇಲ್ಲದಿದ್ದರೆ ಕಣ್ಣು ಮೂಗೇ ಗತಿ. ಕಪ್ಪಾಗಿ, ನೊರೆ ಬಂದು, ಬೇಗ ಹೊಗೆಯಾಡುವ ಎಣ್ಣೆಗೆ ಹೊಸದು ಬೆರೆಸಿ ಮಿರ್ಚಿ ಕರಿಯುವುದು ತಪ್ಪು.

ಮೆಸ್ಸಿನಲ್ಲಿ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಇರಬೇಕು, ಮನೆಯ 14.2 ಕೆಜಿಯದ್ದು ಅಲ್ಲ. ವಾಲ್ವ್ ಎಲ್ಲಿದೆ ಅಂತ ಮೊದಲ ದಿನವೇ ನೋಡಿಕೊಳ್ಳಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ. ಗ್ಯಾಸ್ ಬಂದ್ ಮಾಡಿ, ಮುಚ್ಚಳ ಮುಚ್ಚಿ.

ಬಾಗಿಲ ಹತ್ತಿರ 14 ಅಂಕಿಯ ಎಫ್‌ಎಸ್‌ಎಸ್‌ಎಐ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಹಾಕಿರಬೇಕು. 25 ಜನ ಅಡುಗೆ ಕೆಲಸದವರಿಗೆ ಒಬ್ಬರಾದರೂ ಫೋಸ್ಟ್ಯಾಕ್ (ಆಹಾರ ಸುರಕ್ಷತೆಯ) ತರಬೇತಿ ಪಡೆದ ಮೇಲ್ವಿಚಾರಕರು ಇರಬೇಕು. ಆ ತರಬೇತಿಯನ್ನು ನೀವೂ ಮಾಡಿಕೊಳ್ಳಬಹುದು, ರೆಸ್ಯೂಮೆಗೆ ಒಳ್ಳೆಯದು.

9. ಮೆಸ್ ಬಿಲ್ಲು ಬಿಡಿಸಿ ನೋಡಿ

ತಿಂಗಳ ಆರಂಭದ ದಾಸ್ತಾನಿಗೆ ಆ ತಿಂಗಳ ಖರೀದಿ ಕೂಡಿಸಿ, ಕೊನೆಯ ದಾಸ್ತಾನು ಕಳೆಯಿರಿ. ಬಂದದ್ದೇ ನಿಜವಾದ ಖರ್ಚು. ಬರೀ ಖರೀದಿ ಬಿಲ್ಲು ಕೂಡಿದರೆ ಲೆಕ್ಕ ತಪ್ಪು. ಉದಾಹರಣೆಗೆ ಖರ್ಚು 3,24,000 ರೂಪಾಯಿ, ಎಲ್ಲಾ ವಿದ್ಯಾರ್ಥಿಗಳು ಉಂಡ ದಿನ ಒಟ್ಟು 3,600 ಅಂದುಕೊಳ್ಳಿ. ದಿನಕ್ಕೆ 90 ರೂಪಾಯಿ. 24 ದಿನ ಉಂಡವರ ಬಿಲ್ಲು 2,160. ಗ್ಯಾಸ್, ಅಡುಗೆಯವರ ಸಂಬಳ ಇದರೊಳಗೆ ಇದೆಯಾ, ಬೇರೆ ಹಾಕುತ್ತಾರಾ ಅಂತ ಕೇಳಿ.

ಇಲ್ಲೂ ತಲೆ ಎಣಿಕೆಯೇ ಬರುತ್ತದೆ, ಅಲ್ವಾ? ಹೇಳದೆ ಊರಿಗೆ ಹೋದವರ ಹೆಸರು ಹಾಜರಿಯಲ್ಲಿ ಉಳಿದರೆ ಅಡುಗೆ ಹೆಚ್ಚು ಆಗುತ್ತದೆ, ಖರ್ಚು ಏರುತ್ತದೆ. ರಿಬೇಟ್ (ಉಣ್ಣದ ದಿನಗಳ ಬಿಲ್ಲು ಕಡಿತ) ಬೇಕಾದವರು ಎಷ್ಟು ದಿನ ಮೊದಲು ಬರೆದುಕೊಡಬೇಕು ಅನ್ನುವ ನಿಯಮ ಸಡಿಲ ಇದ್ದ ಕಡೆ ಬಿಲ್ಲು ಜಾಸ್ತಿ ಬರುವುದನ್ನು ನೀವೇ ಲೆಕ್ಕ ಹಾಕಿ ತೋರಿಸಬಹುದು.

ದಾಸ್ತಾನು ರಿಜಿಸ್ಟರಿಗೆ ತಾಳೆ ಆಗದಿದ್ದರೆ ತಕ್ಷಣ ಕಳ್ಳತನ ಅಂತ ಕೂಗಬೇಡಿ. ಮತ್ತೊಮ್ಮೆ ತೂಗಿ, ತಕ್ಕಡಿ ಸರಿ ಇದೆಯಾ ನೋಡಿ. ಆಮೇಲೂ ವ್ಯತ್ಯಾಸ ಇದ್ದರೆ ನಿಮ್ಮ ಮಾರ್ಗದರ್ಶಕರಿಗೆ ಮಾತ್ರ ಬರೆದು ತಿಳಿಸಿ. ಕೆಟ್ಟ ಆಹಾರ ಕಂಡರೆ ಮಾತ್ರ ಕಾಯಬೇಡಿ. ಅಲ್ಲೇ, ಆಗಲೇ ಹೆಡ್ ಕುಕ್‌ಗೆ ಹೇಳಿ. ಅವರು ಕೇಳದಿದ್ದರೆ ವಾರ್ಡನ್ನರಿಗೆ.

10. ಮೂರು ಬಕೆಟ್

ಕೊನೆಯ ಎರಡು ಮೂರು ವಾರಕ್ಕೆ ನಿಮ್ಮದೇ ಒಂದು ಪ್ರಾಜೆಕ್ಟ್ ಇರಲಿ. ಮೂರು ಬಕೆಟ್ ಇಡಿಸಿ: ಹೆಚ್ಚುವಾಗ ಹೋದದ್ದು, ಪಾತ್ರೆಯಲ್ಲಿ ಉಳಿದದ್ದು, ತಟ್ಟೆಯಲ್ಲಿ ಬಿಟ್ಟದ್ದು. ಪ್ರತಿ ಹೊತ್ತಿಗೂ ಮೂರನ್ನೂ ಬೇರೆ ಬೇರೆ ತೂಗಿ, ಉಂಡವರ ಸಂಖ್ಯೆಯಿಂದ ಭಾಗಿಸಿ. 180 ಮಂದಿ ಉಂಡು ತಟ್ಟೆಯಲ್ಲಿ 14.4 ಕೆಜಿ ಉಳಿದರೆ ತಲೆಗೆ 80 ಗ್ರಾಂ.

ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಮೊದಲನೆಯದು ಖರೀದಿ ಮತ್ತು ಕತ್ತಿ ಹಿಡಿಯುವ ಕೈಯ ವಿಷಯ. ಎರಡನೆಯದು ಅಂದಾಜು ತಪ್ಪಿದ್ದು. ಮೂರನೆಯದು ರುಚಿ ಇಲ್ಲವೇ ಬಡಿಸುವ ರೀತಿ. ತಟ್ಟೆಯಲ್ಲಿ ಉಳಿಯುವುದು ಜಾಸ್ತಿ ಇದ್ದರೆ ಬೋರ್ಡ್ ಬರೆದು ಉಪದೇಶ ಮಾಡುವುದರಿಂದ ದೊಡ್ಡ ಉಪಯೋಗ ಇಲ್ಲ. ಅನ್ನದ ಸೌಟು ಸಣ್ಣದು ಮಾಡಿಸಿ, ಎರಡನೇ ಸಲ ಬಂದವರಿಗೆ ಧಾರಾಳವಾಗಿ ಹಾಕಿ. ಸಾರಿನ ಉಪ್ಪು ಖಾರವನ್ನು ಬಡಿಸುವ ಮೊದಲು ಇಬ್ಬರು ರುಚಿ ನೋಡಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ವಾರ ತೂಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಕಡಿಮೆ ಆಯಿತು ಅಂತ ಹೇಳಲಾಗುವುದಿಲ್ಲ.

ಮೆನು ಬದಲಿಸಲು ಹೋಗಬೇಡಿ. ಅದು ಹಾಸ್ಟೆಲ್ ರಾಜಕೀಯ. ಆರು ವಾರಕ್ಕೆ ಬಂದವರು ಕೈ ಹಾಕಿದರೆ ಉಳಿದ ಕೆಲಸವೂ ಕೆಡುತ್ತದೆ.

11. ವರದಿ, ಸರ್ಟಿಫಿಕೇಟ್

ವರದಿ ಹತ್ತು ಹದಿನೈದು ಪುಟ ಸಾಕು. ಸಂಸ್ಥೆಯ ಇತಿಹಾಸಕ್ಕೆ ಅರ್ಧ ವರದಿ ತಿನ್ನಿಸಬೇಡಿ. ತಲೆ ಎಣಿಕೆ ಕೋಷ್ಟಕ, ಅಕ್ಕಿ ಪ್ರಯೋಗ, ಮೂರು ಬಕೆಟ್‌ನ ತೂಕ, ಎರಡು ಮೂರು ಸಲಹೆ. ಫೋಟೋ ಹಾಕುವುದಾದರೆ ಕೇಳಿ ಹಾಕಿ, ಊಟ ಮಾಡುವವರ ಮುಖ ಬೇಡ. ಸರ್ಟಿಫಿಕೇಟಿನಲ್ಲಿ ದಿನಾಂಕ, ಒಟ್ಟು ಗಂಟೆ, ಮಾಡಿದ ಕೆಲಸ, ಸಹಿ, ಸೀಲು ಇವೆಯಾ ನೋಡಿ. ಇದಕ್ಕೆ ಕೊನೆಯ ದಿನ ಹೋಗದೆ ಒಂದು ವಾರ ಮೊದಲೇ ಕರಡು ಟೈಪ್ ಮಾಡಿಕೊಡಿ.

ರೆಸ್ಯೂಮೆಯಲ್ಲಿ “ಮೆಸ್ಸಿನಲ್ಲಿ ಇಂಟರ್ನ್” ಅಂತಷ್ಟೇ ಬರೆಯಬೇಡಿ. ಎಷ್ಟು ಮಂದಿಯ ಮೆಸ್ಸು, ತಟ್ಟೆಯಲ್ಲಿ ಉಳಿಯುವುದು ತಲೆಗೆ ಎಷ್ಟು ಗ್ರಾಮಿನಿಂದ ಎಷ್ಟಕ್ಕೆ ಇಳಿಯಿತು ಅಂತ ಬರೆಯಿರಿ. ಇಳಿಯದಿದ್ದರೆ ಏನು ಅಳೆದಿರಿ ಅಂತ ಬರೆಯಿರಿ, ಅದೂ ಚೆನ್ನಾಗಿಯೇ ನಡೆಯುತ್ತದೆ.

ತಲೆ ಎಣಿಕೆಯ ನೋಟ್‌ಬುಕ್ಕಿನ ಫೋಟೋ ನಿಮ್ಮ ಹತ್ತಿರ ಇರಲಿ, ಮೂಲ ಪುಸ್ತಕ ಸ್ಟೋರ್ ಕೀಪರ್ ಕೈಗೆ ಕೊಡಿ. ಮೊದಲ ಪುಟದಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿ ಬರೆದಿಡಿ: ಇದು ಬೇಸಿಗೆಯ ಲೆಕ್ಕ, ಹೊಸ ಬ್ಯಾಚ್ ಬಂದ ಮೇಲೆ ಈ ಸರಾಸರಿ ಹಿಡಿದು ಅಕ್ಕಿ ಹಾಕಬೇಡಿ, ಮತ್ತೆ ನಾಲ್ಕು ವಾರ ಎಣಿಸಿ.